ಕಾಫಿಗೆ ಒಂದು ಗಂಟೆ ಮೊದಲು

ಹದಿನೇಳರ ಮಗ್ಗಿ ಹೇಳುವಾಗ ನಾನು ತಡವರಿಸಿದೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳಿಗೆ ಇದಕ್ಕಿಂತ ದೊಡ್ಡ ಅಪಶಕುನ ಬೇಕಿಲ್ಲ. ಅದು 2016ರ ಡಿಸೆಂಬರ್. ಹಾಸನದ ಚಳಿ ಎಂದುಕೊಂಡು ಎರಡು ಸ್ವೆಟರ್ ಹಾಕಿಕೊಂಡರೂ ನಡುಕ ನಿಲ್ಲುತ್ತಿರಲಿಲ್ಲ. ಬಸ್ಸಿನಲ್ಲಿ ಕುಳಿತ ಐದು ನಿಮಿಷಕ್ಕೆ ನಿದ್ದೆ, ಮಧ್ಯಾಹ್ನದ ಹೊತ್ತಿಗೆ ಗೊಗ್ಗರು ದನಿ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 18.4 ಬಂತು.

ಟಿಎಸ್‌ಎಚ್ ಎನ್ನುವುದು ಥೈರಾಯ್ಡ್‌ನ ಹಾರ್ಮೋನಲ್ಲ, ಮೆದುಳಿನ ಅಡಿಯ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ನಮ್ಮ ಮುಖ್ಯೋಪಾಧ್ಯಾಯರ ಮೆಮೊ ಇದ್ದ ಹಾಗೆ: ಕೆಲಸ ಆಗದಷ್ಟೂ ಮೆಮೊ ಹೆಚ್ಚು. ಸಾಮಾನ್ಯವಾಗಿ ಅದು ಸುಮಾರು 0.4ರಿಂದ 4ರ ಒಳಗಿರಬೇಕು. ನನ್ನದು ಹಾಶಿಮೊಟೊ ಎಂದರು ವೈದ್ಯರು. ಹಕಾರು ಹಾಶಿಮೊಟೊ ಎಂಬ ಜಪಾನಿ ವೈದ್ಯ 1912ರಲ್ಲಿ ವರ್ಣಿಸಿದ ರೋಗ ಅದು. ದೇಹದ ಕಾವಲು ಪಡೆಯೇ ತನ್ನ ಗ್ರಂಥಿಯನ್ನು ಮೆಲ್ಲಗೆ ಮೇಯುತ್ತದೆ. ಗ್ರಂಥಿ ಕೊಡಲಾರದ ಹಾರ್ಮೋನನ್ನು ತುಂಬಿಕೊಡುವ ಮಾತ್ರೆ ಲೆವೊಥೈರಾಕ್ಸಿನ್. 50 ಮೈಕ್ರೊಗ್ರಾಂನಿಂದ ಶುರುಮಾಡಿ 75ಕ್ಕೆ ನಿಂತೆ. ಎರಡು ವರ್ಷ ನೆಮ್ಮದಿ.

2019ರಲ್ಲಿ ಮೊಣಕಾಲು ನೋವಿಗೆ ಮೂಳೆ ವೈದ್ಯರು ಮೂರು ತಿಂಗಳಿಗೆ ಕ್ಯಾಲ್ಸಿಯಂ ಬರೆದುಕೊಟ್ಟರು. ಮರೆಯಬಾರದೆಂದು ರಾತ್ರಿಯೇ ಎರಡೂ ಮಾತ್ರೆಗಳನ್ನು ಸ್ಟೀಲ್ ಡಬ್ಬಿಯ ಮುಚ್ಚಳದಲ್ಲಿ ಜೋಡಿಸಿಟ್ಟು, ಬೆಳಿಗ್ಗೆ ಒಂದೇ ಲೋಟ ನೀರಿನಲ್ಲಿ ನುಂಗುತ್ತಿದ್ದೆ. ಹತ್ತು ನಿಮಿಷಕ್ಕೆ ಕಾಫಿ. ಶಿಸ್ತು ಎಂದರೆ ನನ್ನದು! ಏಪ್ರಿಲ್‌ನಲ್ಲಿ ಟಿಎಸ್‌ಎಚ್ 11.2. ಡೋಸು 100ಕ್ಕೆ ಏರಿತು. ಜುಲೈನಲ್ಲಿ 0.12. ಈಗ ಉಲ್ಟಾ: ಎದೆ ಡವಡವ, ರಾತ್ರಿ ನಿದ್ದೆಯಿಲ್ಲ, ಬೋರ್ಡಿನ ಮೇಲೆ ವೃತ್ತ ಬರೆದರೆ ಮೊಟ್ಟೆಯಾಗುತ್ತಿತ್ತು. "ಮೇಡಂ, ಇದು ವೃತ್ತವೇ?" ಎಂದು ಕೇಳಿದ ಹುಡುಗನನ್ನು ಬೈಯಲೂ ಆಗಲಿಲ್ಲ.

ಗ್ರಂಥಿ ಹುಚ್ಚಾಟ ಆಡುತ್ತಿದೆ ಎಂದೇ ನಂಬಿದ್ದೆ. ಗುಟ್ಟು ಬಿಟ್ಟುಕೊಟ್ಟಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕದ ಜೊತೆಗೆ ಮೆಡಿಕಲ್ ಶಾಪಿನ ಬಾಬ್ತನ್ನೂ ಅದರಲ್ಲೇ ಬರೆಯುತ್ತೇನೆ. ರಿಪೋರ್ಟುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಕ್ಯಾಲ್ಸಿಯಂ ಶುರುವಾದ ಮೇಲೆ ಅಂಕ ಏರಿದೆ, ಮುಗಿದ ಮೇಲೆ ಬಿದ್ದಿದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಹೊಟ್ಟೆಯಲ್ಲೇ ಲೆವೊಥೈರಾಕ್ಸಿನ್ನನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಕ್ಯಾಲ್ಸಿಯಂ ವಿಷಯ ಥೈರಾಯ್ಡಿನ ವೈದ್ಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಕ್ಯಾಲೆಂಡರನ್ನೇ ಕಿತ್ತುಕೊಂಡು ಅವರ ಬಳಿ ಹೋದೆ. ಅವರು ನಕ್ಕು, ಡೋಸನ್ನು ಮತ್ತೆ 75ಕ್ಕೆ ಇಳಿಸಿದರು.

ಅಂದಿನಿಂದ ಹಾಲಿನ ಲೀಟರಿನ ಪಕ್ಕ ಪೆನ್ಸಿಲಿನಲ್ಲಿ ಮಾತ್ರೆಯ ಸಮಯ. ಐದೂವರೆಗೆ ಬರೀ ನೀರಿನಲ್ಲಿ ಮಾತ್ರೆ, ಆರೂವರೆಗೆ ಕಾಫಿ. ಈ ಒಂದು ಗಂಟೆ ಹೇಗೆ ಕಳೆಯುತ್ತದೆ ಎಂದು ಫಿಲ್ಟರ್ ಕಾಫಿಯ ಮನೆಯಲ್ಲಿ ಹುಟ್ಟಿದವರನ್ನೇ ಕೇಳಬೇಕು. ಮಲಗುವಾಗ ನುಂಗಿದರೂ ಆಗುತ್ತದೆ, ಊಟವಾಗಿ ಮೂರು ಗಂಟೆ ಆಗಿರಬೇಕಷ್ಟೆ. ನಮ್ಮ ಮನೆಯಲ್ಲಿ ಊಟ ಒಂಬತ್ತೂವರೆಗೆ. ಹಾಗಾಗಿ ಆ ಯೋಜನೆ ನಾಲ್ಕೇ ದಿನ ನಡೆಯಿತು. ಮಾತ್ರೆಯ ಡಬ್ಬಿ ಒಲೆಯ ಮೇಲಿನ ಶೆಲ್ಫಿನಿಂದ ಮಲಗುವ ಕೋಣೆಗೆ ಬಂತು, ಬಿಸಿ ಮತ್ತು ಹಬೆ ಅದಕ್ಕೆ ಆಗದು. ಏಕಾದಶಿಯ ದಿನ ಅತ್ತೆ ಹುಬ್ಬೇರಿಸಿದಾಗ, ಮಾತ್ರೆ ಊಟವಲ್ಲ ಎಂದು ಹೇಳಿ ನುಂಗಿದೆ.

ಚಿಕ್ಕಮ್ಮ ಕೊತ್ತಂಬರಿ ಬೀಜದ ನೀರು ಕುಡಿಯಲು ಹೇಳಿದರು. ರುಚಿಯಾಗಿದೆ, ಕುಡಿಯುತ್ತೇನೆ. ಮಾತ್ರೆ ಬಿಡು ಎಂದಾಗ ಮಾತ್ರ ಕಿವುಡಿಯಾದೆ. ಥೈರಾಯ್ಡಿಗೆ ಆಗದೆಂದು ಜನ ಹೇಳುವ ಎಲೆಕೋಸಿನ ಪಲ್ಯವನ್ನೂ ಬಿಟ್ಟಿಲ್ಲ.

ಪರೀಕ್ಷೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಟಿಎಸ್‌ಎಚ್ ಮುಂಜಾನೆ ಹೆಚ್ಚು, ಮಧ್ಯಾಹ್ನ ಕಡಿಮೆ. ಆದ್ದರಿಂದ ಪ್ರತಿ ಸಲವೂ ಅದೇ ಲ್ಯಾಬ್, ಬೆಳಿಗ್ಗೆ ಏಳೂವರೆ. ಮಾತ್ರೆ ರಕ್ತ ಕೊಟ್ಟ ಮೇಲೆ. ಕೂದಲು ಉದುರುತ್ತದೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸುತ್ತೇನೆ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ. ಡೋಸು ಬದಲಾದರೆ ಆರು ವಾರ ಕಾಯಲೇಬೇಕು. ಒಂದು ವಾರ ಕಳೆದರೂ ಇಂದಿನ ಮಾತ್ರೆಯ ಅರ್ಧದಷ್ಟು ರಕ್ತದಲ್ಲಿ ಉಳಿದಿರುವುದರಿಂದ ಹೊಸ ಲೆಕ್ಕ ಕೂಡಿಬರಲು ಅಷ್ಟು ಸಮಯ ಹಿಡಿಯುತ್ತದೆ. ಮೊದಲೆಲ್ಲ ಹದಿನೈದು ದಿನಕ್ಕೇ ಲ್ಯಾಬಿಗೆ ಓಡಿ, ಬಂದ ಅಂಕ ನೋಡಿ ಅತ್ತಿದ್ದೂ ಇದೆ.

ಕಳೆದ ಸಲ 2.6 ಬಂತು. ಸುಸ್ತಿನ ದಿನಗಳು ಈಗಲೂ ಇವೆ. ಆಗ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ ಇಡುತ್ತೇನೆ. ಈ ತಿಂಗಳು ಮೂರು ಚುಕ್ಕೆ, ಮೂರೂ ಉತ್ತರ ಪತ್ರಿಕೆ ತಿದ್ದಿದ ವಾರದಲ್ಲೇ. ಅದಕ್ಕೆ ಥೈರಾಯ್ಡನ್ನು ದೂರಲು ಮನಸ್ಸು ಬರಲಿಲ್ಲ.