ಸಂಪಿನ ಸೆನ್ಸರ್‌ಗೆ ಎಷ್ಟು ದೊಡ್ಡ ಬೀಗ ಬೇಕು?

ನಮ್ಮ ಅಪಾರ್ಟ್‌ಮೆಂಟಿನ ಸಂಪಿನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಒಂದಿದೆ, ತಾರಸಿಯ ಟ್ಯಾಂಕಿನಲ್ಲಿ ಇನ್ನೊಂದು. ಎರಡಕ್ಕೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಲೋರಾ ರೇಡಿಯೊ (ಕಡಿಮೆ ವಿದ್ಯುತ್ತಿನಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವಂಥದ್ದು) ಮತ್ತು ಪುಟ್ಟ ಬ್ಯಾಟರಿಯೇ ಆಸ್ತಿ. ಇವು ಬಳಸುವ 865ರಿಂದ 867 ಮೆಗಾಹರ್ಟ್ಸ್ ತರಂಗಗಳಿಗೆ ಪರವಾನಗಿ ಬೇಕಿಲ್ಲ. ಪಕ್ಕದ ಬೀದಿಯ ಕಿಡಿಗೇಡಿಗೂ ಬೇಕಿಲ್ಲ! ಅವನು ‘ಟ್ಯಾಂಕ್ ತುಂಬಿದೆ’ ಎಂದು ಸುಳ್ಳು ಸಂದೇಶ ಬಿಟ್ಟರೆ ಮೋಟಾರ್ ನಿಲ್ಲುತ್ತದೆ, ಸ್ನಾನಕ್ಕೆ ನಿಂತವರು ಸೋಪು ಹಚ್ಚಿಕೊಂಡೇ ಕಾಯಬೇಕಾಗುತ್ತದೆ.

ಮೊದಲು ಸಂದೇಶಗಳನ್ನು ವಿಂಗಡಿಸಿ. ಹದಿನೈದು ನಿಮಿಷಕ್ಕೊಮ್ಮೆ ಬರುವ ಮಟ್ಟದ ಲೆಕ್ಕ ಒಂದು ಬಗೆ. ‘ತುಂಬಿತು’, ‘ಖಾಲಿಯಾಯಿತು’ ಎಂದು ಮೋಟಾರನ್ನು ಅಲುಗಿಸುವವು ಇನ್ನೊಂದು ಬಗೆ.

ಎರಡನೆಯದಾಗಿ, ಪ್ರತಿ ಸಂದೇಶಕ್ಕೂ ಎಇಎಸ್ ಎಂಬ ಗೂಢಲಿಪಿ ವಿಧಾನದ ಗುಟ್ಟಿನ ಕೀಲಿಯಿಂದ ಹುಟ್ಟಿದ ಮುದ್ರೆ ಒತ್ತಿ, ಅಂದರೆ ಸಂದೇಶ ಅಸಲಿ ಎಂದು ತೋರಿಸುವ ಸಂಕೇತ ಸೇರಿಸಿ. ಪೂರ್ಣ ಮುದ್ರೆ 16 ಬೈಟ್. ಅದನ್ನು ಕತ್ತರಿಸಿ 4 ಬೈಟ್ ಮಾತ್ರ ಕಳಿಸಬಹುದು. ಉಳಿತಾಯ ಕ್ಷುಲ್ಲಕ ಎನ್ನಬೇಡಿ. ಕಾಂಕ್ರೀಟ್ ದಾಟಲು ಲೋರಾವನ್ನು ಅತಿ ನಿಧಾನದ ವೇಗದಲ್ಲಿಟ್ಟರೆ ಸೆಕೆಂಡಿಗೆ 300 ಬಿಟ್ ಕೂಡ ಹೋಗುವುದಿಲ್ಲ. ದಿನಕ್ಕೆ 96 ಸಲ 12 ಬೈಟ್ ಹೆಚ್ಚುವರಿ ಎಂದರೆ ರೇಡಿಯೊ ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ವೃಥಾ ಉರಿಯುತ್ತದೆ. ಹಾಗಾದರೆ ಚಿಕ್ಕ ಮುದ್ರೆ ದುರ್ಬಲವೇ? 4 ಬೈಟಿನಲ್ಲಿ ಸುಮಾರು 429 ಕೋಟಿ ಸಾಧ್ಯತೆಗಳಿವೆ. ಈ ವೇಗದಲ್ಲಿ ಒಂದು ಪ್ರಯತ್ನಕ್ಕೆ ಒಂದು ಸೆಕೆಂಡ್ ಹಿಡಿದರೂ ಎಲ್ಲವನ್ನೂ ತಡಕಾಡಲು ನೂರು ವರ್ಷ ಸಾಲದು. ಮಟ್ಟದ ಲೆಕ್ಕಕ್ಕೆ ಅಷ್ಟು ಸಾಕು. ಮೋಟಾರಿನ ಸಂದೇಶಕ್ಕೆ ಮಾತ್ರ ಪೂರ್ಣ 16.

ಮೂರನೆಯದು ಕ್ರಮಸಂಖ್ಯೆ. ನಿನ್ನೆಯ ನಿಜವಾದ ಸಂದೇಶವನ್ನೇ ಹಿಡಿದಿಟ್ಟು ಇಂದು ಮತ್ತೆ ಬಿಟ್ಟರೆ ಮುದ್ರೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಏರುವ ಸಂಖ್ಯೆಯೊಂದನ್ನು ಮುದ್ರೆಯೊಳಗೆ ಸೇರಿಸಿ, ಹಳೆಯ ಸಂಖ್ಯೆ ಬಂದರೆ ಗೇಟ್‌ವೇ (ಸೆನ್ಸರ್‌ಗಳ ಸಂದೇಶ ಪಡೆಯುವ ಪೆಟ್ಟಿಗೆ) ಬಿಸಾಡಲಿ. ನಾನು ಈ ಸಂಖ್ಯೆಯನ್ನು ಸೆನ್ಸರಿನ ಫ್ಲಾಶ್‌ನಲ್ಲಿ, ಅಂದರೆ ವಿದ್ಯುತ್ ಹೋದರೂ ಅಳಿಯದ ನೆನಪಿನಲ್ಲಿ, ಉಳಿಸಿರಲಿಲ್ಲ. ಬ್ಯಾಟರಿ ಬದಲಿಸಿದೊಡನೆ ಎಣಿಕೆ ಸೊನ್ನೆಗೆ ಮರಳಿತು, ಗೇಟ್‌ವೇ ನನ್ನದೇ ಸೆನ್ಸರನ್ನು ಕಳ್ಳನೆಂದಿತು, ನಾನು ಮೂರು ಗಂಟೆ ಆಂಟೆನಾ ತಿರುಗಿಸುತ್ತ ಕುಳಿತೆ. ಪ್ರತಿ ಸಲ ಬರೆದರೆ ಫ್ಲಾಶ್ ಸವೆಯುತ್ತದೆ. 100ಕ್ಕೊಮ್ಮೆ ಬರೆದು, ಸೆನ್ಸರ್ ಮತ್ತೆ ಚಾಲೂ ಆದಾಗ ಅದಕ್ಕೆ 100 ಕೂಡಿಸಿ ಮುಂದುವರಿಸಿ.

ನಾಲ್ಕನೆಯದು ಸಂದರ್ಭ ನೋಡಿ ಬದಲಾಗುವ ನಿಯಮ. ಎಡವುವುದು ಇಲ್ಲೇ. ಬ್ಯಾಟರಿ ಇಳಿದಾಗ ಭದ್ರತೆ ಇಳಿಸುವಂತೆ ಬರೆಯುವವರಿದ್ದಾರೆ. ಆಗ ಬ್ಯಾಟರಿ ಬಸಿದುಬಿಟ್ಟರೆ ಕಳ್ಳನಿಗೆ ಬಾಗಿಲು ತಾನಾಗಿ ತೆರೆಯುತ್ತದೆ. ಬ್ಯಾಟರಿ ಇಳಿದರೆ ಸಂದೇಶಗಳ ಸಂಖ್ಯೆ ಇಳಿಸಿ, ಹದಿನೈದು ನಿಮಿಷದ ಬದಲು ಗಂಟೆಗೊಂದು. ಮುದ್ರೆಯನ್ನು ಮುಟ್ಟಬೇಡಿ. ತಪ್ಪು ಮುದ್ರೆಗಳು ಒಮ್ಮೆಲೇ ಹೆಚ್ಚಿದರೆ ಗೇಟ್‌ವೇ ಎಲ್ಲ ಸಂದೇಶಕ್ಕೂ 16 ಬೈಟ್ ಕೇಳಲಿ, ಆದರೆ ಒಂದೇ ಗಂಟೆಯ ಮಟ್ಟಿಗೆ. ಇಲ್ಲವಾದರೆ ಆ ನೆಪದಲ್ಲೇ ಬ್ಯಾಟರಿ ಮುಗಿಸುತ್ತಾರೆ. ಈ ಆದೇಶಕ್ಕೂ ಪೂರ್ಣ ಮುದ್ರೆ ಇರಬೇಕು.

ಪ್ರತಿ ಸೆನ್ಸರ್‌ಗೂ ಬೇರೆ ಕೀಲಿ ಕೊಡಿ. ತಾರಸಿಯಿಂದ ಒಂದನ್ನು ಕಿತ್ತೊಯ್ದರೆ ಉಳಿದವು ಕೆಡಬಾರದು.

ಕೊನೆಗೆ ಇನ್ನೊಂದು ರೇಡಿಯೊದಿಂದ ಹಳೆಯ ‘ಖಾಲಿಯಾಯಿತು’ ಸಂದೇಶವನ್ನು ನೀವೇ ಮತ್ತೆ ಬಿಟ್ಟು ನೋಡಿ. ಮೋಟಾರ್ ಗುರುಗುಟ್ಟಿದರೆ ಮೂರನೆಯ ಹಂತಕ್ಕೆ ಮರಳಿ.