ವೈನ್ ಹಾಕಲು ಬಿಡದ ಲೈಬ್ರರಿ: ಉಬುಂಟುವಿನಲ್ಲಿ ಪ್ಯಾಕೇಜ್ ಜಗಳ ಬಿಡಿಸಿದ್ದು

ಪರಿಚಯದ ಅಂಗಡಿಯವರೊಬ್ಬರ ಹಳೆಯ ಬಿಲ್ಲಿಂಗ್ ಪ್ರೋಗ್ರಾಂನಿಂದ ಲೆಕ್ಕವೆಲ್ಲ ಹೊರಗೆ ತೆಗೆಯಬೇಕಿತ್ತು. ಅದು 32 ಬಿಟ್ ವಿಂಡೋಸ್ ಪ್ರೋಗ್ರಾಂ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಉಬುಂಟು 22.04 ಅನ್ನುವ ಲಿನಕ್ಸ್. ಸರಿ, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಹಾಕೋಣ ಅಂತ ಐ386 (ಅಂದರೆ 32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಪ್ಯಾಕೇಜು ಹಾಕುವ ತೆಗೆಯುವ ಆದೇಶವಾದ ಆಪ್ಟ್‌ನಿಂದ ಅಪ್‌ಡೇಟ್ ಮಾಡಿ, ವೈನಿನ 32 ಬಿಟ್ ಪ್ಯಾಕೇಜಾದ ವೈನ್32 ಕೇಳಿದೆ. ಬಂದ ಉತ್ತರ ಲಿನಕ್ಸ್ ಬಳಸುವ ಎಲ್ಲರಿಗೂ ಗೊತ್ತಿರುವುದೇ: ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’, ಅಂದರೆ ನೀವು ತಡೆಹಿಡಿದ (ಹೋಲ್ಡ್ ಮಾಡಿದ), ಮುರಿದ ಪ್ಯಾಕೇಜುಗಳಿವೆ ಅಂತ.

ಈ ಸಾಲನ್ನು ನಂಬಬೇಡಿ. ಆಪ್ಟ್-ಮಾರ್ಕ್ ಶೋಹೋಲ್ಡ್ ಕೊಟ್ಟು ನೋಡಿದರೆ ಪಟ್ಟಿ ಖಾಲಿ, ನಾನು ಯಾವುದನ್ನೂ ಹೋಲ್ಡ್ ಮಾಡಿರಲೇ ಇಲ್ಲ. ನೋಡಬೇಕಾದದ್ದು ಅದರ ಮೇಲಿನ ಸಾಲು. ಅಲ್ಲಿ ವೈನ್32ಗೆ ಲಿಬ್‌ವೈನ್ ಅನ್ನುವ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸುವ ಕೋಡ್) ಬೇಕು, ಆದರೆ ಅದು ಇನ್‌ಸ್ಟಾಲ್ ಆಗುವುದಿಲ್ಲ ಅಂತ ಇತ್ತು. ಯಾಕೆ ಆಗುವುದಿಲ್ಲ ಅಂತ ಮಾತ್ರ ಇರಲಿಲ್ಲ. ಇಂಥ ಕಡೆ ನಾನು ಮಾಡುವುದು ಒಂದೇ: ಆಪ್ಟ್ ಯಾವ ಹೆಸರಿನ ಮುಂದೆ ನಿಂತಿದೆಯೋ ಅದನ್ನೇ ನೇರವಾಗಿ ಇನ್‌ಸ್ಟಾಲ್ ಮಾಡಲು ಕೇಳುವುದು, ಅದು ಇನ್ನೊಂದು ಹೆಸರು ಹೇಳಿದರೆ ಅದನ್ನೂ ಕೇಳುವುದು, ಹೀಗೆ ನಿಜವಾದ ಕಾರಣ ಸಿಗುವವರೆಗೂ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುವುದು. ಲಿಬ್‌ವೈನ್ ಕೇಳಿದೆ, ಲಿಬ್‌ಜಿಫೋಟೋ2 ಅಂದಿತು. ಅದನ್ನು ಕೇಳಿದರೆ ಲಿಬ್‌ಜಿಡಿ3 ಅಂದಿತು, ಎಲ್ಲವೂ ಐ386. ಲಿಬ್‌ಜಿಡಿ3 ಕೇಳಿದಾಗ ಕೊನೆಗೂ ಬಾಯಿ ಬಿಟ್ಟಿತು: ಈಗಿರುವ 64 ಬಿಟ್ ಲಿಬ್‌ಜಿಡಿ3 ಜೊತೆ ಇದು ಇರಲು ಆಗುವುದಿಲ್ಲ.

ಆಮೇಲೆ ಆಪ್ಟ್-ಕ್ಯಾಶ್ ಪಾಲಿಸಿ ಕೊಟ್ಟು ಎರಡನ್ನೂ ಪಕ್ಕಪಕ್ಕ ನೋಡಿದೆ. 64 ಬಿಟ್‌ನದು 2.3.3, ಪಿಎಚ್‌ಪಿ 8.3ಗಾಗಿ ಸೇರಿಸಿದ್ದ ಪಿಪಿಎಯಿಂದ, ಅಂದರೆ ಉಬುಂಟುವಿನ ಹೊರಗಿನವರು ನಡೆಸುವ ಪ್ಯಾಕೇಜ್ ಸಂಗ್ರಹದಿಂದ ಬಂದದ್ದು. ಐ386ಗೆ ಸಿಗುವುದು ಉಬುಂಟುವಿನದೇ 2.3.0. ಜಗಳ ಇಲ್ಲೇ. ಒಂದೇ ಲೈಬ್ರರಿಯನ್ನು ಎರಡು ಆರ್ಕಿಟೆಕ್ಚರ್‌ಗೂ ಹಾಕಬೇಕಾದರೆ ಎರಡರ ಆವೃತ್ತಿಯೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು ಅನ್ನುವುದು ಡಿಪಿಕೆಜಿ (ಆಪ್ಟ್‌ನ ಕೆಳಗೆ ನಿಜವಾಗಿ ಪ್ಯಾಕೇಜು ಹಾಕುವ ಸಾಧನ) ನಿಯಮ. ಆ ಪಿಪಿಎ 32 ಬಿಟ್‌ಗೆ ಕಟ್ಟಿಯೇ ಇರಲಿಲ್ಲ. ಉಬುಂಟು ಕೂಡ 2019ರಲ್ಲಿ ಐ386 ಪೂರ್ತಿ ಬಿಡಲು ಹೊರಟಿತ್ತು. ವಿರೋಧ ಬಂದ ಮೇಲೆ ವೈನ್, ಸ್ಟೀಮ್ ಥರದವುಗಳಿಗೆ ಬೇಕಾದ ಕೆಲವು ಲೈಬ್ರರಿಗಳನ್ನು ಮಾತ್ರ ಉಳಿಸಿಕೊಂಡಿತು.

ಇಂಥ ಹೊತ್ತಲ್ಲಿ ಡಿಪಿಕೆಜಿಗೆ ಫೋರ್ಸ್-ಆಲ್ ಕೊಟ್ಟು ತುರುಕಿ ಅಂತ ಹೇಳುವವರು ಇದ್ದಾರೆ. ದಯವಿಟ್ಟು ಬೇಡ. ಆ ಕ್ಷಣಕ್ಕೆ ಕೆಲಸ ಆದಂತೆ ಕಾಣುತ್ತದೆ, ಮುಂದಿನ ಪ್ರತಿಯೊಂದು ಇನ್‌ಸ್ಟಾಲ್‌ಗೂ ಆಪ್ಟ್ ಅದನ್ನೇ ಹಿಡಿದುಕೊಂಡು ಕೂರುತ್ತದೆ.

ನನಗೆ ಪಿಎಚ್‌ಪಿ 8.3 ಬೇಕಿದ್ದದ್ದು ಒಂದೇ ಪ್ರಾಜೆಕ್ಟ್‌ಗೆ, ಹಾಗಾಗಿ ಅದನ್ನು ಉಳಿದ ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಡಾಕರ್ ಕಂಟೇನರ್‌ಗೆ ಸಾಗಿಸಿದೆ. ಉಳಿದದ್ದಕ್ಕೆ ಉಬುಂಟುವಿನ 8.1 ಸಾಕು. 8.3 ಪ್ಯಾಕೇಜುಗಳನ್ನು ತೆಗೆದು, ಆಮೇಲೆ ಪಿಪಿಎ-ಪರ್ಜ್ ಓಡಿಸಿದೆ. ಇಲ್ಲಿ ಒಂದು ವಿಷಯ ಗಮನಿಸಿ: ಪಿಪಿಎಯನ್ನು ಸುಮ್ನೆ ಪಟ್ಟಿಯಿಂದ ತೆಗೆದರೆ ಅದರಿಂದ ಬಂದ ಪ್ಯಾಕೇಜುಗಳು ಹಾಗೇ ಉಳಿಯುತ್ತವೆ, ಹೊಸ ಆವೃತ್ತಿ ಅಲ್ವಾ, ಆಪ್ಟ್ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಪಿಪಿಎ-ಪರ್ಜ್ ಆ ಪ್ಯಾಕೇಜುಗಳನ್ನೂ ಉಬುಂಟುವಿನ ಆವೃತ್ತಿಗೆ ಇಳಿಸುತ್ತದೆ. ಅದು ಹೌದು ಅಥವಾ ಇಲ್ಲ ಅಂತ ಕೇಳಿ ನಿಂತಾಗ ತೆಗೆದುಹಾಕುವ ಪಟ್ಟಿಯನ್ನು ಹೆಸರು ಹೆಸರಾಗಿ ಓದಿ. ನನ್ನ ಪಟ್ಟಿಯಲ್ಲಿ ಪಿಎಚ್‌ಪಿಗೆ ಸೇರಿದವು ಮಾತ್ರ ಇದ್ದವು, ಒಪ್ಪಿಕೊಂಡೆ. ಉಬುಂಟು-ಡೆಸ್ಕ್‌ಟಾಪ್ ಅಥವಾ ಗ್ನೋಮ್ ಥರದ, ಡೆಸ್ಕ್‌ಟಾಪನ್ನೇ ನಡೆಸುವ ಹೆಸರು ಕಂಡಿದ್ದರೆ ಅಲ್ಲೇ ಬೇಡ ಅನ್ನುತ್ತಿದ್ದೆ.

ಲಿಬ್‌ಜಿಡಿ3 ಎರಡೂ ಕಡೆ 2.3.0 ಆಯಿತು, ವೈನ್32 ಒಂದೇ ಸಲಕ್ಕೆ ಕೂತಿತು, ಬಿಲ್ಲಿಂಗ್ ಪ್ರೋಗ್ರಾಂ ತೆರೆದು ಲೆಕ್ಕವೆಲ್ಲ ಸಿಎಸ್‌ವಿ ಫೈಲಿಗೆ ಬಂತು. ಪಿಪಿಎ ಬಿಡಲು ಆಗದವರು ಎಟ್‌ಸಿ ಫೋಲ್ಡರ್ ಒಳಗಿನ ಆಪ್ಟ್ ಪ್ರಿಫರೆನ್ಸಸ್‌ನಲ್ಲಿ ಆ ಪಿಪಿಎಯ ಲಿಬ್‌ಜಿಡಿ3ಗೆ ಮೈನಸ್ ಆದ್ಯತೆ ಕೊಟ್ಟು ಅದನ್ನು ತಡೆಯಬಹುದು. ಆದರೆ ಈಗಾಗಲೇ ಮೇಲಿನ ಆವೃತ್ತಿ ಕೂತಿದ್ದರೆ ಹಳೆಯದಕ್ಕೆ ನೀವೇ ಆವೃತ್ತಿ ಹೇಳಿ ಇಳಿಸಬೇಕು. ಅದಕ್ಕೂ ಮೊದಲು ಆಪ್ಟ್‌ಗೆ ಮೈನಸ್ ಎಸ್ ಸೇರಿಸಿ ಏನೇನಾಗುತ್ತದೆ ಅಂತ ಏನನ್ನೂ ಬದಲಿಸದ ಪರೀಕ್ಷಾ ಓಟ ನೋಡಿಕೊಳ್ಳಿ.