ರಿಪೇರಿ ಮಾಡಿಸಿದ ಕಾರು ಮತ್ತೆ ಕೈಕೊಟ್ಟರೆ ಬಿಲ್ಲಿನ ಜಗಳ ಹೇಗೆ?

ಇಂಜಿನ್ ಬಿಸಿಯಾಗುತ್ತದೆ ಅಂತ ಬದಿಯಡ್ಕದಿಂದ ಮಂಗಳೂರಿನ ಗ್ಯಾರೇಜಿಗೆ ಕಾರು ಕೊಂಡುಹೋಗಿ, ಹೊಸ ವಾಟರ್ ಪಂಪ್ ಹಾಕಿಸಿ, ಎಂಟು ಸಾವಿರ ತೆತ್ತು ಬಂದೆ. ಹತ್ತು ದಿನ ಕಳೆದಿಲ್ಲ, ಪೆರ್ಲದ ಹತ್ತಿರ ಏರು ಹತ್ತುವಾಗ ಇಂಜಿನ್ ಬಿಸಿ ತೋರಿಸುವ ಮುಳ್ಳು ಮತ್ತೆ ಕೆಂಪಿಗೆ. ಫೋನ್ ಮಾಡಿದರೆ "ಅದು ಬೇರೆ ಪ್ರಾಬ್ಲಮ್ಮು, ತನ್ನಿ ನೋಡುವ" ಅಂದರು. ನೋಡಲಿಕ್ಕೂ ಚಾರ್ಜ್ ಉಂಟಂತೆ!

ಸಿಟ್ಟು ಬರುತ್ತದೆ, ಆದರೆ ಕೂಡಲೇ ಊರಿನ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಬೇಡಿ. ಬಿಚ್ಚಿಸಿದರೆ "ಅವರೇ ಹಾಳು ಮಾಡಿದ್ದು" ಅಂತ ಮೊದಲಿನವರು ಕೈ ತೊಳೆದುಕೊಳ್ಳುತ್ತಾರೆ. ಗಾಡಿ ಬದಿಗೆ ಹಾಕಿ, ಮುಳ್ಳು ಮತ್ತು ಕಿಲೋಮೀಟರ್ ಕಾಣುವಂತೆ ವಿಡಿಯೋ ತೆಗೆಯಿರಿ. ಹಾಗೇ ಓಡಿಸಿ ಇಂಜಿನ್ನಿನ ಗ್ಯಾಸ್ಕೆಟ್ (ಸಂದಿಯ ಸೀಲ್) ಹೋದರೆ ತಪ್ಪು ನಿಮ್ಮದೇ ಆಗುತ್ತದೆ.

ಆಮೇಲೆ ಜಾಬ್ ಕಾರ್ಡ್ ಹುಡುಕಿ, ಅಂದರೆ ಗಾಡಿ ಬಿಡುವಾಗ ಗ್ಯಾರೇಜಿನವರು ತೊಂದರೆ ಬರೆದುಕೊಂಡು ಸಹಿ ಹಾಕಿಸುವ ಚೀಟಿ. ಬಿಲ್ಲಿಗಿಂತ ಇದೇ ಮುಖ್ಯ. ಬಿಲ್ಲಿನಲ್ಲಿ ಅವರು ಏನು ಮಾಡಿದರು ಅಂತ ಇರುತ್ತದೆ, ಜಾಬ್ ಕಾರ್ಡಿನಲ್ಲಿ ನೀವು ಏನು ಹೇಳಿದಿರಿ ಅಂತ. ಅದರಲ್ಲಿ "ಇಂಜಿನ್ ಹೀಟ್" ಅಂತ ಬರೆದಿದ್ದರೆ, ಬೇರೆ ಪ್ರಾಬ್ಲಮ್ ಅನ್ನುವ ಮಾತು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಸುಮ್ನೆ "ಜನರಲ್ ಚೆಕಪ್" ಅಂತಿದ್ದರೆ ಕಷ್ಟ, ಹಾಗಾಗಿ ಗಾಡಿ ಬಿಡುವಾಗಲೇ ಓದಿ ಸಹಿ ಹಾಕಿ. ಬಿಚ್ಚಿದ ಹಳೇ ಪಾರ್ಟ್ ಕೂಡ ಕೇಳಿ ತನ್ನಿ.

ಈಗ ವಾಟ್ಸಾಪಿನಲ್ಲಿ ಬರೆಯಿರಿ: ಇಂಥ ದಿನ ರಿಪೇರಿ, ಇಷ್ಟು ಕಿಲೋಮೀಟರ್ ಆದ ಮೇಲೆ ಅದೇ ತೊಂದರೆ, ಒಂದು ವಾರದೊಳಗೆ ಖರ್ಚಿಲ್ಲದೆ ಸರಿ ಮಾಡಿ ಕೊಡಿ. ಒಂದು ಅವಕಾಶ ಕೊಡಲೇಬೇಕು. ಉತ್ತರ ಬಾರದಿದ್ದರೆ ಅವರಿಗೆ ತಿಳಿಸಿಯೇ ಇನ್ನೊಬ್ಬ ಮೆಕ್ಯಾನಿಕ್‌ಗೆ ತೋರಿಸಿ, ಕಾರಣ ಏನೆಂದು ಕಾಗದದಲ್ಲಿ ಬರೆಸಿಕೊಳ್ಳಿ.

ಗಾಡಿ ಅವರ ಶೆಡ್ಡಿನಲ್ಲೇ ಇದ್ದರೆ ಸ್ವಲ್ಪ ಜಾಗ್ರತೆ. ಮಾಡಿದ ಕೆಲಸದ ದುಡ್ಡು ಸಿಗುವ ತನಕ ವಾಹನ ಹಿಡಿದಿಟ್ಟುಕೊಳ್ಳುವ ಹಕ್ಕು ಕಾಂಟ್ರಾಕ್ಟ್ ಕಾಯ್ದೆಯ 170ನೇ ಸೆಕ್ಷನ್‌ನಲ್ಲಿ ಗ್ಯಾರೇಜಿಗೆ ಉಂಟು. ಜಗಳ ಮಾಡಿ ಪ್ರಯೋಜನವಿಲ್ಲ. "ಒಪ್ಪಿಗೆ ಇಲ್ಲದೆ, ತಕರಾರು ಇಟ್ಟುಕೊಂಡು ಪಾವತಿ" ಅಂತ ಬಿಲ್ಲಿನ ಮೇಲೆ ಬರೆದು ದುಡ್ಡು ಕೊಟ್ಟು ಬನ್ನಿ.

ಇಡೀ ಬಿಲ್ಲು ವಾಪಸ್ ಕೇಳಬೇಡಿ ಮಾರಾಯ್ರೇ. ಆಯಿಲ್ ಬದಲಿಸಿದ್ದು ನಿಜ ಅಲ್ವಾ? ಕೆಲಸಕ್ಕೆ ಬಾರದ ರಿಪೇರಿಯ ಸಾಲುಗಳನ್ನಷ್ಟೇ ಲೆಕ್ಕ ಹಾಕಿ, 15 ದಿನದ ಗಡುವು ಕೊಟ್ಟು, ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳುಹಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಡಬಹುದು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಗ್ಯಾರೇಜು ಕರ್ನಾಟಕದಲ್ಲಿ, ನಾವು ಕೇರಳದಲ್ಲಿ, ಕೇಸಿಗೆ ಪ್ರತಿ ಸಲ ಗಡಿಯ ತಲಪಾಡಿ ದಾಟಬೇಕಾ ಅಂತ ನಮ್ಮ ಕಡೆ ತುಂಬಾ ಜನ ಅಲ್ಲೇ ಕೈಬಿಡುತ್ತಾರೆ. ಬೇಡ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ.

ನನ್ನದು ಅಲ್ಲಿತನಕ ಹೋಗಲಿಲ್ಲ. ನೋಟಿಸ್ ಸಿಕ್ಕಿದ ಮೂರನೇ ದಿನ ಫೋನ್ ಬಂತು, ಲೇಬರ್ ದುಡ್ಡು ವಾಪಸ್ ಕೊಟ್ಟರು. ಅಸಲಿಗೆ ಹಾಳಾಗಿದ್ದದ್ದು ರೇಡಿಯೇಟರ್ ಫ್ಯಾನಿನ ರಿಲೇ, ಅಂದರೆ ಫ್ಯಾನ್ ಆನ್ ಮಾಡುವ ಸಣ್ಣ ಸ್ವಿಚ್ಚು, ಕೆಲವು ನೂರು ರೂಪಾಯಿಯದ್ದು.